ನಿಂತ ಚಿತ್ರ, ನಿಲ್ಲದ ದೇಹ

ಔರಾದದ ಅಮರೇಶ್ವರ ಜಾತ್ರೆಯಲ್ಲಿ ಕುಸ್ತಿ ನಡೆಯುವ ದಿನ ಅಖಾಡದ ಸುತ್ತ ಕಾಲಿಡಲು ಸ್ಥಳವಿರುವುದಿಲ್ಲ. ಹಲಗೆಯ ಬಡಿತ, ಧೂಳು, ಜನರ ಕೂಗು, ಅವುಗಳ ನಡುವೆ ಮೈಗೆ ಮಣ್ಣು ಸವರಿಕೊಂಡ ಇಬ್ಬರು ಪೈಲ್ವಾನರು. ಅಂಥ ಒಂದು ಕುಸ್ತಿಯ ಛಾಯಾಚಿತ್ರವು ನಾನು ಬಾಲಕನಾಗಿದ್ದಾಗ ನಮ್ಮ ಊರಿನ ಒಂದು ಫೋಟೊ ಅಂಗಡಿಯ ಗಾಜಿನ ಹಿಂದೆ ತೂಗುತ್ತಿತ್ತು. ಅದರಲ್ಲಿ ಒಬ್ಬನು ನೆಲದತ್ತ ಬಾಗಿ ಕುಗ್ಗಿದ್ದಾನೆ; ಇನ್ನೊಬ್ಬನು ಅವನ ಬೆನ್ನಿನ ಮೇಲೆ ಬಿದ್ದಿದ್ದಾನೆ. ಶಾಲೆಗೆ ಹೋಗುವ ಹಾದಿಯಲ್ಲಿ ಅದನ್ನು ನೋಡುತ್ತಿದ್ದ ನಾವೆಲ್ಲ ಮೇಲಿದ್ದವನೇ ಗೆದ್ದನೆಂದು ನಿಶ್ಚಯಿಸಿದ್ದೆವು. ಒಂದು ದಿನ ನಮ್ಮ ವಾದವನ್ನು ಕೇಳುತ್ತ ನಿಂತಿದ್ದ ಮುದುಕರೊಬ್ಬರು ನಕ್ಕುಬಿಟ್ಟರು. ಅವರು ಹಿಂದೆ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ ಉಸ್ತಾದರು. "ತಮ್ಮಾ, ಕೆಳಗ ಇದ್ದವನೇ ಗೆದ್ದಾನ. ಮ್ಯಾಲಿನವ ಇನ್ನ ಗಾಳ್ಯಾಗ ಹಾರಾಂವ ಇದ್ದಾನ" ಎಂದರು.

ಅದು ಧೋಬಿ ಪಛಾಡ ಎಂಬ ಪಟ್ಟು. ಅಗಸನು ಬಟ್ಟೆಯನ್ನು ಹೆಗಲ ಮೇಲಿನಿಂದ ಎತ್ತಿ ಕಲ್ಲಿಗೆ ಬಡಿಯುವಂತೆ, ಜಟ್ಟಿಯು ಎದುರಾಳಿಯ ತೋಳನ್ನು ಹಿಡಿದು, ಬೆನ್ನು ತಿರುಗಿಸಿ, ಅವನ ಅಡಿಗೆ ತಾನೇ ಬಾಗಿ ನುಗ್ಗಿ, ಹೆಗಲ ಮೇಲಿನಿಂದ ಅವನನ್ನು ಮುಂದಕ್ಕೆ ಒಗೆಯುತ್ತಾನೆ. ಗೆಲ್ಲುವವನು ಸೋತವನಂತೆ ಕಾಣುವ ಒಂದು ಕ್ಷಣ ಆ ಪಟ್ಟಿನಲ್ಲಿದೆ. ಕ್ಯಾಮರಾ ಸರಿಯಾಗಿ ಅದೇ ಕ್ಷಣವನ್ನು ಹಿಡಿದಿತ್ತು. ಚಿತ್ರದಲ್ಲಿ ಒಂದೆಳೆಯೂ ಸುಳ್ಳಿರಲಿಲ್ಲ. ಆದರೂ ಅದನ್ನು ನೋಡಿ ನಾವು ತಿಳಿದುಕೊಂಡದ್ದೆಲ್ಲ ಸುಳ್ಳಾಗಿತ್ತು.

ಚಲಿಸುವ ದೇಹದ ಛಾಯಾಚಿತ್ರವನ್ನು ನಂಬಬೇಕೆ, ನಂಬಬಾರದೆ? ಕಣ್ಣಿಗಿಂತ ಯಂತ್ರವೇ ಮೇಲೆಂದು ಕೆಲವರೂ, ಯಂತ್ರಕ್ಕೆ ಜೀವವೇ ತಿಳಿಯದೆಂದು ಕೆಲವರೂ ಹೇಳುತ್ತಾರೆ. ಎರಡೂ ಅವಸರದ ಮಾತುಗಳೆಂದು ನನ್ನ ಅಭಿಪ್ರಾಯ. ಚಿತ್ರಕ್ಕೆ ನಾವು ಯಾವ ಪ್ರಶ್ನೆಯನ್ನು ಹಾಕುತ್ತೇವೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಮೊದಲು ಯಂತ್ರದ ಪಕ್ಷವನ್ನೇ ಕೇಳೋಣ. ನಾಗಾಲೋಟದಲ್ಲಿ ಓಡುವ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲವನ್ನು ಬಿಡುತ್ತವೆಯೆ? ಸಾವಿರಾರು ವರ್ಷಗಳಿಂದ ಕುದುರೆಯೊಡನೆ ಬಾಳಿದ ಮನುಷ್ಯನಿಗೆ ಈ ಸಣ್ಣ ಪ್ರಶ್ನೆಗೆ ಖಚಿತವಾದ ಉತ್ತರ ತಿಳಿದಿರಲಿಲ್ಲ. ಕ್ಯಾಲಿಫೋರ್ನಿಯದ ಗವರ್ನರನಾಗಿದ್ದ ಲೀಲ್ಯಾಂಡ್ ಸ್ಟ್ಯಾನ್‌ಫರ್ಡನು ಈ ಕೆಲಸವನ್ನು ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನಿಗೆ ಒಪ್ಪಿಸಿದನು. 1878ರ ಜೂನ್ ತಿಂಗಳಲ್ಲಿ ಮೈಬ್ರಿಜ್ ಓಟದ ಹಾದಿಯ ಪಕ್ಕದಲ್ಲಿ 12 ಕ್ಯಾಮರಾಗಳನ್ನು ಸಾಲಾಗಿ ಇರಿಸಿ, ಹಾದಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದನು. ಕುದುರೆ ಓಡುತ್ತ ಒಂದೊಂದು ದಾರವನ್ನು ಹರಿದಂತೆ ಒಂದೊಂದು ಕ್ಯಾಮರಾ ತೆರೆದು ಮುಚ್ಚಿತು. ಉತ್ತರ ದೊರೆಯಿತು: ನಾಲ್ಕು ಕಾಲುಗಳೂ ನೆಲ ಬಿಡುವುದು ನಿಜ. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲುಗಳು ಹಿಂದೆ ಮುಂದೆ ನೀಳವಾಗಿ ಚಾಚಿದಾಗ ಅಲ್ಲ. ಅವೆಲ್ಲ ಹೊಟ್ಟೆಯ ಕೆಳಗೆ ಮಡಚಿಕೊಂಡಿರುವಾಗ! ಅಷ್ಟು ಕಾಲದ ಓಟದ ಕುದುರೆಯ ಚಿತ್ರಗಳು ಒಂದೇ ದಿನದಲ್ಲಿ ತಪ್ಪಾಗಿ ಕಾಣತೊಡಗಿದವು.

ಬಳಿಕ ಮೈಬ್ರಿಜ್ ಮನುಷ್ಯನ ದೇಹದತ್ತ ತಿರುಗಿದನು. ಫಿಲಡೆಲ್ಫಿಯದ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ನಡೆಯುವವರು, ಓಡುವವರು, ಮೆಟ್ಟಿಲೇರುವವರು, ನೀರು ಸುರಿಯುವವರು, ಕುಸ್ತಿ ಆಡುವವರು ಎಲ್ಲರನ್ನೂ ಚಿತ್ರಿಸಿ 1887ರಲ್ಲಿ 781 ಫಲಕಗಳನ್ನು ಪ್ರಕಟಿಸಿದನು. ವೈದ್ಯರೂ ಕಲಾವಿದರೂ ಅವುಗಳನ್ನು ಸಮಾನವಾಗಿ ಆದರಿಸಿದರು. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಎಷ್ಟೋ ಫಲಕಗಳಲ್ಲಿ ಚಿತ್ರಗಳು ಒಂದೇ ಓಟದ ಅವಿಚ್ಛಿನ್ನ ಸಾಲಲ್ಲವೆಂದು ಮುಂದೆ ವಿದ್ವಾಂಸರು ಪರೀಕ್ಷಿಸಿ ತೋರಿಸಿದ್ದಾರೆ. ನಡುವೆ ಒಂದು ಚಿತ್ರ ಕೆಟ್ಟರೆ ಮೈಬ್ರಿಜ್ ಬೇರೊಂದನ್ನು ತಂದು ಸೇರಿಸಿ ಸಾಲನ್ನು ತುಂಬಿಸುತ್ತಿದ್ದನು. ಅವನನ್ನು ವಂಚಕನೆನ್ನಲು ನನಗೆ ಮನಸ್ಸಿಲ್ಲ. ಅವನೊಳಗಿನ ಕಲಾವಿದನಿಗೆ ಹರಿದ ಸಾಲು ಸಹ್ಯವಾಗಲಿಲ್ಲ, ಅಷ್ಟೆ. ವಿಜ್ಞಾನಿಯಾದರೋ ಕೆಟ್ಟ ಚಿತ್ರದ ಜಾಗವನ್ನು ಖಾಲಿಯಾಗಿಯೇ ಬಿಡಬೇಕಾಗಿತ್ತು.

ಅಂಥ ವಿಜ್ಞಾನಿಯೊಬ್ಬನು ಅದೇ ಕಾಲದಲ್ಲಿ ಪ್ಯಾರಿಸಿನಲ್ಲಿದ್ದನು. ಅವನ ಹೆಸರು ಎತಿಯನ್ ಜೂಲ್ ಮಾರೆ. ಇಬ್ಬರೂ 1830ರಲ್ಲಿ ಹುಟ್ಟಿದರು. ಇಬ್ಬರೂ 1904ರಲ್ಲಿ ತೀರಿಕೊಂಡರು. ಶರೀರ ವಿಜ್ಞಾನಿಯಾದ ಮಾರೆಗೆ ಸುಂದರ ಚಿತ್ರ ಬೇಕಾಗಿರಲಿಲ್ಲ, ಅಳತೆ ಬೇಕಾಗಿತ್ತು. ಸೆಕೆಂಡಿಗೆ 12 ಚಿತ್ರಗಳನ್ನು ತೆಗೆಯುವ ಬಂದೂಕಿನಾಕಾರದ ಕ್ಯಾಮರಾವನ್ನು ಅವನು 1882ರಲ್ಲಿ ರಚಿಸಿದನು. ಮುಂದೆ ಇನ್ನೂ ಒಂದು ಹೆಜ್ಜೆ ಹೋಗಿ, ಮನುಷ್ಯನಿಗೆ ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪನ್ನು ತೊಡಿಸಿ, ಕೈಕಾಲುಗಳ ಉದ್ದಕ್ಕೆ ಬಿಳಿಯ ಗೆರೆಗಳನ್ನು ಅಂಟಿಸಿ, ಕಪ್ಪು ಹಿನ್ನೆಲೆಯ ಮುಂದೆ ಓಡಿಸಿದನು. ಒಂದೇ ಫಲಕದ ಮೇಲೆ ಮತ್ತೆ ಮತ್ತೆ ಬೆಳಕು ಬೀಳಿಸಿದಾಗ ಮನುಷ್ಯನು ಮಾಯವಾಗಿ, ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಬಿಳಿಯ ಗೆರೆಗಳು ಮಾತ್ರ ಉಳಿದವು. ಮುಖವಿಲ್ಲ, ಹೆಸರಿಲ್ಲ, ಓಟವೊಂದೇ ಇದೆ. ಇಂದು ಕ್ರಿಕೆಟ್ ಬೌಲರನ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗುತ್ತದೆಯೆ ಎಂದು ಪರೀಕ್ಷಿಸುವಾಗ ಅವನ ಮೈಮೇಲೆ ಹೊಳೆಯುವ ಚುಕ್ಕೆಗಳನ್ನು ಅಂಟಿಸುತ್ತಾರಲ್ಲವೆ? ಅವು ಮಾರೆಯ ಬಿಳಿಯ ಗೆರೆಗಳ ಮೊಮ್ಮಕ್ಕಳು.

ಚಲನೆಯನ್ನು ನಿಲ್ಲಿಸುವುದೆಂದರೇನೆಂದು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ನೀವು ಸೆಕೆಂಡಿಗೆ 8 ಮೀಟರು ವೇಗದಲ್ಲಿ ಓಡುತ್ತಿದ್ದೀರೆಂದು ಭಾವಿಸಿರಿ. ಕ್ಯಾಮರಾದ ಬಾಗಿಲು ಸೆಕೆಂಡಿನ 60ನೆಯ ಒಂದು ಭಾಗದಷ್ಟು ಕಾಲ ತೆರೆದಿದ್ದರೆ ಅಷ್ಟರಲ್ಲಿ ನೀವು ಸುಮಾರು 13 ಸೆಂಟಿಮೀಟರು ಮುಂದೆ ಹೋಗಿರುತ್ತೀರಿ. ನಿಮ್ಮ ಮುಖ ಚಿತ್ರದಲ್ಲಿ ಮಸುಕಾಗುತ್ತದೆ. ಸಾವಿರದ ಒಂದು ಭಾಗದಷ್ಟು ಮಾತ್ರ ತೆರೆದಿದ್ದರೆ 8 ಮಿಲಿಮೀಟರು, ಮುಖ ಸ್ಪಷ್ಟವಾಗುತ್ತದೆ. ಆದರೆ ಆಗ ನೀವು ಓಡುತ್ತಿದ್ದೀರೋ, ಒಂಟಿಕಾಲಿನ ಮೇಲೆ ನಿಂತಿದ್ದೀರೋ ಎಂಬ ಸಂಶಯವೂ ಹುಟ್ಟಬಹುದು. ಸ್ಪಷ್ಟತೆ ಹೆಚ್ಚಿದಷ್ಟೂ ಚಲನೆ ಕಳೆದುಹೋಗುತ್ತದೆ.

ಫ್ರಾನ್ಸಿನ ಶಿಲ್ಪಿ ರೋದ್ಯಾನನು ಎತ್ತಿದ ಆಕ್ಷೇಪವೂ ಇದೇ. ಕಾಲವು ಎಂದೂ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಿ ತೋರಿಸುವ ಛಾಯಾಚಿತ್ರವೇ ಸುಳ್ಳು, ಕಲಾವಿದನೇ ಸತ್ಯವಂತ ಎಂದು ಅವನು ವಾದಿಸಿದನು. ಅವನ ಸಂತ ಯೋಹಾನನ ಶಿಲ್ಪವು ನಡೆಯುತ್ತಿದೆ. ಆದರೆ ಎರಡು ಪಾದಗಳೂ ನೆಲದ ಮೇಲೆ ಪೂರ್ತಿಯಾಗಿ ಊರಿವೆ. ನಡೆಯುವ ಯಾವ ಮನುಷ್ಯನೂ ಹಾಗೆ ಇರಲಾರ. ಹಿಂದಿನ ಕ್ಷಣದ ಒಂದು ಕಾಲನ್ನೂ ಮುಂದಿನ ಕ್ಷಣದ ಇನ್ನೊಂದು ಕಾಲನ್ನೂ ಶಿಲ್ಪಿ ಒಂದೇ ದೇಹಕ್ಕೆ ಜೋಡಿಸಿದ್ದಾನೆ.

ಈ ಜಾಣ್ಮೆಗಾಗಿ ನಾವು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಬಾದಾಮಿಯ ಮೊದಲನೆಯ ಗುಹೆಯಲ್ಲಿ 18 ಕೈಗಳ ನಟರಾಜನಿದ್ದಾನೆ. ಶಾಸ್ತ್ರಜ್ಞರು ಆ ಕೈಗಳಿಗೆ ಬೇರೆ ಅರ್ಥಗಳನ್ನು ಹೇಳಬಹುದು. ನನಗಂತೂ ಮಾರೆಯ ಫಲಕಗಳನ್ನು ಕಂಡ ಮೇಲೆ ಆ ಕೈಗಳು ಒಂದೇ ಜೋಡಿ ಕೈಗಳ ಬೇರೆ ಬೇರೆ ಕ್ಷಣಗಳಂತೆಯೇ ತೋರುತ್ತವೆ. ನಮ್ಮ ಬೀದರ ಜಿಲ್ಲೆಯಲ್ಲಿಯೇ, ಹುಮನಾಬಾದಿನ ಹತ್ತಿರದ ಜಲಸಂಗ್ವಿಯಲ್ಲಿ, ಚಾಲುಕ್ಯರ ಕಾಲದ ದೇವಾಲಯವೊಂದಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಮೈಯನ್ನು ಬಳುಕಿಸಿ, ಕೈಯೆತ್ತಿ ಶಾಸನವನ್ನು ಬರೆಯುತ್ತಿದ್ದಾಳೆ. ಒಂಬೈನೂರು ವರ್ಷಗಳಿಂದ ಬರೆಯುತ್ತಿದ್ದಾಳೆ. ನೋಡುವವರಿಗೆ ಇನ್ನೇನು ಅವಳು ಕೈ ಕೆಳಗಿಳಿಸುವಳೆನಿಸುತ್ತದೆ. ನೀವು ಇನ್ನೂ ನೋಡಿಲ್ಲವಾದರೆ ಹೋಗಿ ನೋಡಬೇಕು. ಆ ಕಡೆ ಬಸ್ಸುಗಳಿವೆ.

ಹಾಗಾದರೆ ರೋದ್ಯಾನನೇ ಸರಿಯೆ? ಎಲ್ಲ ಕಡೆಯೂ ಅಲ್ಲ. 1984ರಲ್ಲಿ ಲಾಸ್ ಏಂಜಲಿಸಿನ ಒಲಿಂಪಿಕ್ ಕ್ರೀಡೆಗಳಲ್ಲಿ ನಮ್ಮ ಪಿ. ಟಿ. ಉಷಾ 400 ಮೀಟರು ಹರ್ಡಲ್ಸ್ ಓಟವನ್ನು 55.42 ಸೆಕೆಂಡುಗಳಲ್ಲಿ ಮುಗಿಸಿದರು. ರುಮೇನಿಯದ ಓಟಗಾರ್ತಿಯ ಕಾಲ 55.41. ಕಂಚಿನ ಪದಕ ಸೆಕೆಂಡಿನ ನೂರರ ಒಂದು ಭಾಗದಿಂದ ತಪ್ಪಿಹೋಯಿತು. ಆ ವೇಗದಲ್ಲಿ ಅಷ್ಟು ಕಾಲವೆಂದರೆ ಸುಮಾರು 7 ಸೆಂಟಿಮೀಟರು, ನಿಮ್ಮ ಅಂಗೈಯ ಅಗಲ. ಯಾವ ಕಣ್ಣೂ ಇದನ್ನು ನಿರ್ಣಯಿಸಲಾರದು. ನಿರ್ಣಯಿಸಿದ್ದು ಗುರಿಗೆರೆಯ ಕ್ಯಾಮರಾ. ಅದು ಇಡೀ ಮೈದಾನವನ್ನು ನೋಡುವುದೇ ಇಲ್ಲ. ಒಂದು ಸೀಳುಗಿಂಡಿಯ ಮೂಲಕ ಗುರಿಗೆರೆಯನ್ನು ಮಾತ್ರ ಎಡೆಬಿಡದೆ ನೋಡುತ್ತ, ಕ್ಷಣಕ್ಷಣದ ನೋಟವನ್ನು ಒಂದರ ಪಕ್ಕದಲ್ಲೊಂದಾಗಿ ಹಚ್ಚುತ್ತ ಹೋಗುತ್ತದೆ. ಆದುದರಿಂದ ಅದರ ಚಿತ್ರದಲ್ಲಿ ಎಡಬಲಗಳ ದೂರವೆಂಬುದು ದೂರವೇ ಅಲ್ಲ, ಅದು ಕಾಲ! ಗೆರೆಯ ಮೇಲೆ ಊರಿದ ಪಾದವು ಆ ಚಿತ್ರದಲ್ಲಿ ವಿಕಾರವಾಗಿ ಉದ್ದಕ್ಕೆ ಎಳೆದಂತೆ ಕಾಣುವುದುಂಟು. ನೋಡಲು ಅಂದವಿಲ್ಲದ ಈ ಚಿತ್ರ ಎದೆಯ ಭಾಗ ಯಾರದು ಮೊದಲು ಗೆರೆ ಮುಟ್ಟಿತೆಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆ ಉತ್ತರದಿಂದ ನಮಗೆ ನೋವಾಯಿತು. ಆದರೂ ಅದನ್ನು ಒಪ್ಪಲೇಬೇಕು.

ಪ್ರಶ್ನೆಯೊಂದು, ಚಿತ್ರವೊಂದು ಆದಾಗ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆಯಿದೆ. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಕೆಸರು ನೀರು ಚಿಮ್ಮುವ, ಉಕ್ಕಿನಂಥ ಮೈಯ ಆ ಚಿತ್ರಗಳು ದೇಶವನ್ನೆಲ್ಲ ಬೆರಗುಗೊಳಿಸಿದವು. ಅಲ್ಲಿಗೆ ನಿಲ್ಲದೆ ಜನರು ಭಾಗಾಕಾರ ಮಾಡಿ, 100 ಮೀಟರಿಗೆ 9.55 ಸೆಕೆಂಡು ಎಂದು ತೆಗೆದು, ಉಸೇನ್ ಬೋಲ್ಟನ 9.58ರ ವಿಶ್ವದಾಖಲೆ ಮುರಿಯಿತೆಂದು ಸಾರಿಬಿಟ್ಟರು. ಕೋಣಗಳ ಎಳೆತವನ್ನು ಯಾರು ಲೆಕ್ಕ ಹಾಕಿದರು? ನಿಂತಲ್ಲಿಂದ ಹೊರಡುವಾಗ ಕಳೆಯುವ ಕಾಲವು ಉದ್ದವಾದ ಓಟದಲ್ಲಿ ಹಂಚಿಹೋಗುವುದನ್ನು ಯಾರು ಗಮನಿಸಿದರು? ಸ್ವತಃ ಗೌಡರೇ ವಿವೇಕದಿಂದ ಮಾತಾಡಿದರು. ಕಂಬಳದಲ್ಲಿ ಹಿಮ್ಮಡಿಯ ಬಲ ಬೇಕು, ಓಟದ ಮೈದಾನದಲ್ಲಿ ಕಾಲ್ಬೆರಳಿನ ಬಲ ಬೇಕು, ತಮ್ಮ ಯಶಸ್ಸಿನಲ್ಲಿ ಕೋಣಗಳಿಗೂ ಪಾಲಿದೆ ಎಂದರು. ಅವರ ಚಿತ್ರ ಶಕ್ತಿಯ ಚಿತ್ರವಾಗಿ ಅಪ್ಪಟವಾದದ್ದು. ಅದನ್ನು ಗಡಿಯಾರವನ್ನಾಗಿ ಮಾಡಿದ್ದು ನೋಡಿದವರ ತಪ್ಪು.

ಇಷ್ಟು ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿರುವ ಒಂದು ಕೊರಗನ್ನೂ ಹೇಳಬೇಕು. ಓಟಗಾರರ ದೇಹವನ್ನು ಜಗತ್ತು ಇಷ್ಟು ಬಗೆಯಲ್ಲಿ ಚಿತ್ರಿಸಿಕೊಂಡಿದೆ. ದುಡಿಯುವ ದೇಹವನ್ನು ನಾವು ಹಾಗೆ ನೋಡಿದ್ದೇವೆಯೆ? ಬೀದರಿನ ಬಿದರಿ ಕಲೆಯನ್ನು ತೆಗೆದುಕೊಳ್ಳಿರಿ. ಸತು ಮತ್ತು ತಾಮ್ರ ಬೆರೆತ ಎರಕದ ಪಾತ್ರೆಯನ್ನು ಮೈಲುತುತ್ತದಿಂದ ಕಪ್ಪಾಗಿಸಿ, ಉಳಿಯಿಂದ ಬಳ್ಳಿ ಹೂಗಳನ್ನು ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಿಂದ ಶಾಶ್ವತವಾದ ಕಪ್ಪನ್ನು ಬರಿಸುತ್ತಾರೆ. ಹೂಜಿಗಳೂ ತಟ್ಟೆಗಳೂ ವಸ್ತುಸಂಗ್ರಹಾಲಯಗಳಲ್ಲಿ ಭದ್ರವಾಗಿವೆ. ಅವುಗಳ ಚಿತ್ರಗಳು ಬೇಕಾದಷ್ಟಿವೆ. ಆದರೆ ಉಳಿಯನ್ನು ಎಷ್ಟು ಓರೆಯಾಗಿ ಹಿಡಿಯಬೇಕು, ಎಲೆಯ ತುದಿಯಲ್ಲಿ ಮಣಿಕಟ್ಟು ಹೇಗೆ ತಿರುಗಬೇಕು, ಎಲ್ಲಿ ಏಟು ಹಗುರವಾಗಬೇಕು, ಇವೆಲ್ಲ ಯಾವ ಸಂಗ್ರಹಾಲಯದಲ್ಲಿವೆ? ಅವು ಕುಶಲಕರ್ಮಿಯ ಕೈಯಲ್ಲಿವೆ. ಆ ಕೈಯೊಡನೆ ಅವೂ ಹೋಗುತ್ತವೆ. ಜೋಳದ ರೊಟ್ಟಿ ಬಡಿಯುವ ತಾಯಂದಿರ ಕೈಗೂ, ಕುಸ್ತಿಯ ಉಸ್ತಾದರ ಹೆಗಲಿಗೂ ಈ ಮಾತು ಸಲ್ಲುತ್ತದೆ. ಮೈಬ್ರಿಜನು 12 ಕ್ಯಾಮರಾಗಳನ್ನು ಹೂಡಬೇಕಾಯಿತು. ಇಂದು ಆ ಕೆಲಸವನ್ನು ಅಂಗೈಯಲ್ಲಿ ಹಿಡಿಯುವ ಒಂದು ಫೋನು ಮಾಡಬಲ್ಲದು. ಆದರೆ ನಾವು ಅದನ್ನು ಕುಶಲಕರ್ಮಿಯ ಮುಖದತ್ತ ಹಿಡಿದು, ಕೆಲಸ ನಿಲ್ಲಿಸಿ ನಗಲು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಬೀದರಿನ ಒಂದು ಬಿದರಿ ಅಂಗಡಿಗೆ ಛಾಯಾಗ್ರಾಹಕ ಮಿತ್ರರೊಬ್ಬರೊಡನೆ ಹೋಗಿದ್ದೆ. ಅವರು ತೆಗೆದ ಚಿತ್ರಗಳಲ್ಲಿ ಒಂದು ಬೇರೆಯಾಗಿತ್ತು. ಅದರಲ್ಲಿ ಉಳಿಯ ಮೊನೆಯೂ ಕೊರೆದ ಎಲೆಯೂ ಕೂದಲೆಳೆಯಷ್ಟು ಸ್ಪಷ್ಟವಾಗಿದ್ದವು. ಸುತ್ತಿಗೆ ಹಿಡಿದ ಕೈ ಮಾತ್ರ ಹೊಗೆಯಂತೆ ಮಸುಕಾಗಿತ್ತು. "ಕೈ ಕೆಟ್ಟಿದೆ" ಎಂದು ಮಿತ್ರರು ಅದನ್ನು ಬದಿಗಿಟ್ಟರು. ಅಲ್ಲಿಯೇ ಕುಳಿತಿದ್ದ ಕುಶಲಕರ್ಮಿ ಅದನ್ನು ಎತ್ತಿ ನೋಡಿ, ಮಸುಕಿನ ಅಗಲವನ್ನು ಬೆರಳಿನಿಂದ ಅಳೆದು, "ಹೌದು ನೋಡ್ರಿ, ಏಟು ಇಷ್ಟೇ ಎತ್ತರದಿಂದ ಬೀಳಬೇಕು" ಎಂದರು. ಆ ಚಿತ್ರವನ್ನು ನಾನು ಕೇಳಿ ಪಡೆದುಕೊಂಡೆ.