ಓಡೋ ಹುಡುಗನಿಗೆ ಮಾತ್ರ ನಿಷ್ಠೆಯ ಪಾಠ

ಅಮೆರಿಕದಲ್ಲಿರೋ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟುಗಳ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ವರ್ಷ ಆಗಸ್ಟ್ ಬಂತಂದ್ರೆ ಒಂದು ಗೋಳು ಶುರುವಾಗುತ್ತೆ. "ದುಡ್ಡು ಬಂದು ಕಾಲೇಜ್ ಫುಟ್‌ಬಾಲ್ ಹಾಳಾಯ್ತು ಕಣೋ, ಈಗಿನ ಹುಡುಗರಿಗೆ ನಿಷ್ಠೆಯೇ ಇಲ್ಲ." ಹೀಗೆ ಹೇಳೋರೆಲ್ಲ ಹತ್ತು ವರ್ಷದಲ್ಲಿ ಮೂರು ನಾಲ್ಕು ಕಂಪನಿ ಬದಲಾಯಿಸಿದವರು. ನಾನೂ ಬದಲಾಯಿಸಿದ್ದೀನಿ, ಅದರಲ್ಲಿ ಮುಚ್ಚಿಡೋದೇನಿಲ್ಲ. ಆದರೆ ನಾವು ಮಾಡಿದರೆ ಅದು 'ಕರಿಯರ್ ಗ್ರೋತ್', ಇಪ್ಪತ್ತು ವರ್ಷದ ಹುಡುಗ ಮಾಡಿದರೆ ದುರಾಸೆ. ಈ ಲೆಕ್ಕ ನನಗೆ ಯಾವತ್ತೂ ಅರ್ಥವಾಗಿಲ್ಲ.

ಇವರು ಉದಾಹರಣೆಗೆ ಎಳೆದು ತರೋದು ಜೋರ್ಡನ್ ಅಡಿಸನ್ ಹೆಸರನ್ನು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವೈಡ್ ರಿಸೀವರ್. (ಪಿಟ್ಸ್‌ಬರ್ಗ್ ಅಂದ್ರೆ ನಮ್ಮವರಿಗೆ ವೆಂಕಟೇಶ್ವರ ದೇವಸ್ಥಾನ. ಅಲ್ಲಿನವರಿಗೆ ಫುಟ್‌ಬಾಲ್. ಭಕ್ತಿ ಎರಡೂ ಕಡೆ ಒಂದೇ.) ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡ್ತೀನಿ. ವೈಡ್ ರಿಸೀವರ್ ಅಂದರೆ ಮೈದಾನದ ಅಂಚಿನಲ್ಲಿ ನಿಂತು, ಆಟ ಶುರುವಾದ ಕೂಡಲೇ ಮುಂದಕ್ಕೆ ಓಡಿ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವನು. ಬೌಂಡರಿ ಕಡೆಗೆ ಓಡ್ತಾ ಹೆಗಲ ಮೇಲಿಂದ ಕ್ಯಾಚ್ ಹಿಡಿಯೋ ಫೀಲ್ಡರ್‌ನನ್ನು ನೆನೆಸ್ಕೊಳ್ಳಿ. ಚೆಂಡು ಕೈಗೆ ಬಿದ್ದ ಕ್ಷಣವೇ ತೊಂಬತ್ತು ಕೆ.ಜಿ. ಆಳೊಬ್ಬ ಬಂದು ಪಕ್ಕೆಗೆ ಗುದ್ದುತ್ತಾನೆ ಅನ್ನೋದನ್ನೂ ಸೇರಿಸಿಕೊಳ್ಳಿ. ಎಸೆಯುವವನು ಸರಿಯಿಲ್ಲ ಅಂದ್ರೆ ಇವನು ಎಷ್ಟು ಓಡಿದರೂ ದಂಡ.

2021ರಲ್ಲಿ ಅಡಿಸನ್ 100 ಕ್ಯಾಚ್ ಹಿಡಿದ, 1,593 ಗಜ, 17 ಟಚ್‌ಡೌನ್. ದೇಶದ ಅತ್ಯುತ್ತಮ ರಿಸೀವರ್‌ಗೆ ಕೊಡೋ ಬಿಲೆಟ್ನಿಕಾಫ್ ಪ್ರಶಸ್ತಿ ಅವನದಾಯ್ತು. ಮರುವರ್ಷದ ವಸಂತದಲ್ಲಿ ಪಿಟ್ ಬಿಟ್ಟು ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ, ಅಂದರೆ ಯುಎಸ್‌ಸಿಗೆ ಹೊರಟ. ಅಷ್ಟಕ್ಕೇ ಊರೆಲ್ಲ ರಾದ್ಧಾಂತ. ಪಿಟ್ ಕೋಚ್ ಪ್ಯಾಟ್ ನಾರ್ಡುಜ್ಜಿ ಸಿಟ್ಟಿನಿಂದ ಯುಎಸ್‌ಸಿ ಕೋಚ್ ಲಿಂಕನ್ ರೈಲಿಗೆ ಫೋನ್ ಮಾಡಿದರು ಅಂತ ವರದಿಗಳು ಬಂದವು.

ಸರಿ, ಅಷ್ಟು ಹೊತ್ತಿಗೆ ಪಿಟ್‌ನಲ್ಲಿ ಉಳಿದಿದ್ದವರು ಯಾರು? ಅವನಿಗೆ ಚೆಂಡು ಎಸೆಯುತ್ತಿದ್ದ ಕೆನ್ನಿ ಪಿಕೆಟ್ ಎನ್‌ಎಫ್‌ಎಲ್‌ಗೆ ಹೋಗಿಯಾಗಿತ್ತು. ಆ ಆಟದ ನಕ್ಷೆ ಹಾಕುತ್ತಿದ್ದ ಕೋಚ್ ಮಾರ್ಕ್ ವಿಪ್ಪಲ್ ನೆಬ್ರಾಸ್ಕಾ ಸೇರಿದ್ದರು. ರಿಸೀವರ್‌ಗಳನ್ನು ತಿದ್ದುತ್ತಿದ್ದ ಬ್ರೆನನ್ ಮೇರಿಯನ್ ಟೆಕ್ಸಸ್‌ಗೆ ಹೋಗಿದ್ದರು. ಎಸೆಯುವವನು, ಯೋಜನೆ ಹಾಕುವವನು, ಕಲಿಸುವವನು, ಮೂವರೂ ಖಾಲಿ. ನಿಮ್ಮ ಪ್ರಾಜೆಕ್ಟಿನಲ್ಲಿ ಮ್ಯಾನೇಜರ್, ಆರ್ಕಿಟೆಕ್ಟ್, ಪಕ್ಕದ ಸೀಟಿನ ಸೀನಿಯರ್ ಎಲ್ಲರೂ ಪೇಪರ್ ಹಾಕಿ ಹೋದ ಮೇಲೆ ನೀವು ರೆಸ್ಯೂಮ್ ತಿದ್ದೋದಿಲ್ವಾ? ಅವನನ್ನು ಕರೆಸಿಕೊಂಡ ಲಿಂಕನ್ ರೈಲಿ ಬಗ್ಗೆಯೂ ಹೇಳಬೇಕು. ಆತ 2021ರ ನವೆಂಬರ್ ಕೊನೆಯಲ್ಲಿ, ಒಕ್ಲಹೋಮ ತಂಡ ಮುಖ್ಯ ಪಂದ್ಯ ಸೋತ ಮರುದಿನವೇ ಯುಎಸ್‌ಸಿಗೆ ಹೊರಟುಬಿಟ್ಟಿದ್ದವರು. ಕೋಚ್‌ಗಳು ಹೀಗೆ ಹೋಗೋದು ಆ ಲೋಕದಲ್ಲಿ ಮಾಮೂಲಿ. ಆಟಗಾರ ಕಾಲೇಜು ಬದಲಾಯಿಸಿದರೆ ಮಾತ್ರ ಒಂದು ವರ್ಷ ಆಡದೆ ಕೂರಬೇಕಿತ್ತು. ಒಂದು ಸಲಕ್ಕಾದರೂ ಅದರಿಂದ ಬಿಡುಗಡೆ ಅಂತ ನಿಯಮ ಸಡಿಲವಾದದ್ದೇ 2021ರಲ್ಲಿ.

"ಹಿಂದಿನ ಕಾಲ ಚೆನ್ನಾಗಿತ್ತು" ಅನ್ನೋ ಗೆಳೆಯರಿಗೆ ಅದೇ ಯುಎಸ್‌ಸಿಯ ಇನ್ನೊಬ್ಬ ವೈಡ್ ರಿಸೀವರ್ ಕಥೆ ಹೇಳ್ತೀನಿ. ಹೆಸರು ಮೈಕ್ ವಿಲಿಯಮ್ಸ್, ಟ್ಯಾಂಪಾ ಊರಿನವನು. 2003ರಲ್ಲಿ 95 ಕ್ಯಾಚ್, 16 ಟಚ್‌ಡೌನ್. ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗದ ಹೊರತು ಯಾರನ್ನೂ ತಗೊಳ್ಳಲ್ಲ ಅನ್ನೋದು ಎನ್‌ಎಫ್‌ಎಲ್ ನಿಯಮ. ನಮ್ಮಲ್ಲಿ ವೈಭವ್ ಸೂರ್ಯವಂಶಿ 14ಕ್ಕೇ ಐಪಿಎಲ್ ಆಡಿದ. ಅಲ್ಲಿ ಅಪ್ಪಟ ಪ್ರತಿಭೆಯೂ ಆ ಮೂರು ವರ್ಷ ಕಳೆಯೋಕೆ ಕಾಲೇಜೇ ಗತಿ, ಕಾಲೇಜಿನಲ್ಲಿ ಆಗ ಸಂಬಳವಿರಲಿಲ್ಲ. 2004ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶೆ ಶೀರಾ ಶೈಂಡ್ಲಿನ್, ಒಹಾಯೊ ಸ್ಟೇಟ್‌ನ ಮಾರಿಸ್ ಕ್ಲಾರೆಟ್ ಹಾಕಿದ್ದ ಕೇಸಿನಲ್ಲಿ ಈ ನಿಯಮ ಕಾನೂನುಬಾಹಿರ ಅಂದರು. ಬಾಗಿಲು ತೆರೆಯಿತು ಅಂತ ವಿಲಿಯಮ್ಸ್ ಏಜೆಂಟ್ ಇಟ್ಟುಕೊಂಡು ಡ್ರಾಫ್ಟ್‌ಗೆ ಹೆಸರು ಕೊಟ್ಟ. ಡ್ರಾಫ್ಟ್‌ಗೆ ಕೆಲವೇ ದಿನ ಇರುವಾಗ ಮೇಲಿನ ಕೋರ್ಟ್ ತಡೆ ಕೊಟ್ಟಿತು, ಮುಂದೆ ತೀರ್ಪನ್ನೇ ತಿರುಗಿಸಿತು. ಆಟಗಾರರ ಯೂನಿಯನ್ ಮತ್ತು ಮಾಲೀಕರ ನಡುವಿನ ವ್ಯವಹಾರಕ್ಕೆ ಸೇರಿದ ನಿಯಮ ಇದು, ಆಂಟಿಟ್ರಸ್ಟ್ ಕಾನೂನು ಇಲ್ಲಿ ಬರಲ್ಲ ಅನ್ನೋದು ವಾದ. ಆ ಯೂನಿಯನ್ನಿನಲ್ಲಿ ಈ ಹುಡುಗ ಸದಸ್ಯನೇ ಅಲ್ಲ, ಆ ಮಾತು ಬೇರೆ.

ವಿಲಿಯಮ್ಸ್ ಏಜೆಂಟನ್ನು ಬಿಟ್ಟ, ತಗೊಂಡ ದುಡ್ಡು ವಾಪಸ್ ಕೊಡಲು ಹೊರಟ, ಬೇಸಿಗೆ ತರಗತಿಗಳಿಗೆ ಹೋಗಿ ಕೂತ. ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಆಗಸ್ಟ್ 26ರಂದು, ಯುಎಸ್‌ಸಿಯ ಮೊದಲ ಪಂದ್ಯಕ್ಕೆ ಎರಡು ದಿನ ಇರುವಾಗ, ಆಗೋದಿಲ್ಲ ಅಂತು. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಇಡೀ ಒಂದು ವರ್ಷ ಮನೇಲಿ. ಡೆಟ್ರಾಯಿಟ್ ಲಯನ್ಸ್ 2005ರಲ್ಲಿ ಹತ್ತನೆಯವನಾಗಿ ಆರಿಸಿತು, ನಿಜ. ಅಷ್ಟರಲ್ಲಿ ಮೈ ಭಾರವಾಗಿತ್ತು, ಲಯ ತಪ್ಪಿತ್ತು. 2008, 2009 ಎರಡು ಸೀಸನ್ ಅವನು ಆಟದಲ್ಲೇ ಇರಲಿಲ್ಲ. ತಪ್ಪು ಅವನದೂ ಇರಬಹುದು, ನಾನು ಅವನನ್ನು ದೇವರು ಮಾಡ್ತಿಲ್ಲ. ಆದರೆ ಒಂದು ಕೋರ್ಟಿನ ತೀರ್ಪನ್ನು ನಂಬಿದ್ದಕ್ಕೆ ಅಷ್ಟು ಬೆಲೆಯಾ?

"ಫ್ರೀಯಾಗಿ ಓದಿಸ್ತಾರಲ್ಲ, ಇನ್ನೇನು ಬೇಕು?" ಅಂತ ಗ್ರೂಪಿನಲ್ಲಿ ಒಬ್ಬ ಕೇಳಿದ. 'ಸ್ಟೂಡೆಂಟ್ ಅಥ್ಲೀಟ್' ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ? 1950ರ ದಶಕದಲ್ಲಿ ಕೊಲರಾಡೊದ ಒಬ್ಬ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಸತ್ತ. ಕೆಲಸದಲ್ಲಿ ಸತ್ತವರಿಗೆ ಸಿಗೋ ಪರಿಹಾರ ಕೇಳಿ ಅವನ ಹೆಂಡತಿ ಹೋದರೆ, ಅವನು ನೌಕರನಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ತಳ್ಳಿಹಾಕಿತು. ಇಂಥ ಪರಿಹಾರದ ಭಯಕ್ಕೇ ಆ ಪದ ಹುಟ್ಟಿಸಿದ್ದು ಅಂತ ಎನ್‌ಸಿಎಎಯ ಮೊದಲ ಮುಖ್ಯಸ್ಥ ವಾಲ್ಟರ್ ಬೈಯರ್ಸ್ ಆಮೇಲೆ ತಾವೇ ಬರೆದುಕೊಂಡರು. ಇನ್ನು ಆ ಫ್ರೀ ಓದು: 1973ರಿಂದ 2012ರವರೆಗೆ ಸ್ಕಾಲರ್‌ಶಿಪ್ ಕೊಡಬಹುದಾಗಿದ್ದದ್ದು ಒಂದೊಂದೇ ವರ್ಷಕ್ಕೆ. ಮಂಡಿ ಮುರಿದವನದನ್ನು ಮುಂದುವರಿಸದೆ ಕೈಬಿಡೋಕೆ ಕೋಚ್‌ಗೆ ದಾರಿ ಇತ್ತು. ನಾನೂ ಮೊದಲ ಕೆಲಸಕ್ಕೆ ಬಾಂಡ್ ಬರೆದುಕೊಟ್ಟು ಸೇರಿದವನೇ. ಆದರೆ ನನಗೆ ತಿಂಗಳ ಕೊನೆಗೆ ಸಂಬಳವಾದರೂ ಬರ್ತಿತ್ತು.

ನಮ್ಮೂರಲ್ಲಿ ಕಣದಲ್ಲಿ ರಾಗಿ ತುಳಿಯೋ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರು, ತುಳಿಯೋ ತೆನೆಗೇ ಬಾಯಿ ಹಾಕದಿರಲಿ ಅಂತ. ಜಾರ್ಜಿಯಾ ವಿಶ್ವವಿದ್ಯಾಲಯದ ರಿಸೀವರ್ ಎ.ಜೆ. ಗ್ರೀನ್ ಕಥೆ ಓದಿದಾಗ ಅದೇ ನೆನಪಾಯ್ತು. ತಾನೇ ಆಡಿದ ಪಂದ್ಯದ ಜೆರ್ಸಿಯನ್ನು ಸಾವಿರ ಡಾಲರಿಗೆ ಮಾರಿದ ಅಂತ 2010ರಲ್ಲಿ ಅವನಿಗೆ ನಾಲ್ಕು ಪಂದ್ಯ ನಿಷೇಧ. ಅವನ 8ನೇ ನಂಬರಿನ ಜೆರ್ಸಿಯನ್ನು ಕಾಲೇಜು ಆಗ ಆರಾಮಾಗಿ ಮಾರುತ್ತಲೇ ಇತ್ತು.

ಈಗ ಕುಕ್ಕೆ ಬಿಚ್ಚಿದ್ದಾರೆ, ಅದೂ ಪ್ರೀತಿಯಿಂದಲ್ಲ. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಲ್‌ಸ್ಟನ್ ಪ್ರಕರಣದಲ್ಲಿ, ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಎನ್‌ಸಿಎಎ ಹಾಕಿದ್ದ ಮಿತಿಯನ್ನು ಒಂಬತ್ತಕ್ಕೆ ಒಂಬತ್ತೂ ಮತದಿಂದ ಕಿತ್ತುಹಾಕಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರಿನಲ್ಲಿ ಜಾಹೀರಾತು ಮಾಡಿ ಸಂಪಾದಿಸಬಹುದು ಅಂತಾಯ್ತು. ಕಾಲೇಜುಗಳೇ ನೇರವಾಗಿ ದುಡ್ಡು ಹಂಚೋಕೆ 2025ರವರೆಗೆ ಕಾಯಬೇಕಾಯ್ತು.

ಇದರಿಂದ ಗೊಂದಲ ಆಗಿಲ್ಲ ಅಂತ ನಾನು ಹೇಳಲ್ಲ. ದುಡ್ಡಿರೋ ಕಾಲೇಜುಗಳು ಸಣ್ಣವುಗಳ ಹುಡುಗರನ್ನು ಎತ್ಕೊಂಡು ಹೋಗ್ತಿವೆ. ಪಿಟ್ ಅಭಿಮಾನಿಯ ಸಂಕಟವೂ ಸುಳ್ಳಲ್ಲ. ಹಾಗಿದ್ರೆ ಆಟಗಾರರನ್ನು ನೌಕರರು ಅಂತ ಒಪ್ಪಿ, ಅವರ ಯೂನಿಯನ್ ಜೊತೆ ಕೂತು, ಎರಡು ಮೂರು ವರ್ಷದ ಕರಾರು ಬರೆಯಿರಿ. ಕರಾರು ಬೇಡ, ನಿಷ್ಠೆ ಮಾತ್ರ ಬೇಕು ಅಂದ್ರೆ ಹೇಗೆ ಸ್ವಾಮಿ?

ಅಡಿಸನ್ ಯುಎಸ್‌ಸಿಯಲ್ಲಿ ಆಡಿದ್ದು ಒಂದೇ ವರ್ಷ, ಅದರಲ್ಲೂ ಗಾಯ. 2023ರ ಡ್ರಾಫ್ಟಿನಲ್ಲಿ 23ನೆಯವನಾಗಿ ಮಿನೆಸೋಟ ವೈಕಿಂಗ್ಸ್ ಸೇರಿ ಮೊದಲ ಸೀಸನ್ನಿನಲ್ಲೇ 10 ಟಚ್‌ಡೌನ್ ಹೊಡೆದ. ಮೈಕ್ ವಿಲಿಯಮ್ಸ್‌ಗೆ ಎರಡನೇ ಅವಕಾಶ ಕೊಟ್ಟದ್ದು ಯುಎಸ್‌ಸಿಯ ಹಳೇ ಕೋಚ್ ಪೀಟ್ ಕ್ಯಾರೊಲ್, ಸಿಯಾಟಲ್‌ನಲ್ಲಿ. 2010ರಲ್ಲಿ 65 ಕ್ಯಾಚ್ ಹಿಡಿದು ತಂಡಕ್ಕೇ ಮೊದಲಿಗನಾದ. ಕ್ಯಾರೊಲ್ ಅದೇ ವರ್ಷ ಜನವರಿಯಲ್ಲಿ ಯುಎಸ್‌ಸಿ ಬಿಟ್ಟು ಸಿಯಾಟಲ್‌ಗೆ ಹೋಗಿದ್ದರು. ಅವರ ಕಾಲದಲ್ಲಿ ನಡೆದದ್ದಕ್ಕೆ ಎನ್‌ಸಿಎಎ ಶಿಕ್ಷೆ ಪ್ರಕಟಿಸಿದ್ದು ಜೂನ್‌ನಲ್ಲಿ: ಎರಡು ವರ್ಷ ಬೌಲ್ ಪಂದ್ಯಗಳಿಲ್ಲ, 30 ಸ್ಕಾಲರ್‌ಶಿಪ್ ಕಡಿತ. ಅದನ್ನು ಅನುಭವಿಸಿದವರು ಅಲ್ಲೇ ಉಳಿದಿದ್ದ ಹುಡುಗರು.