ಗೊಣಗುವವರು ಸಾವಿರ, ಬರೆದು ತಿಳಿಸುವವರು ಯಾರು?



ಕೋಡ್ ಎಡಿಟರಿನ ಹೊಸ ಆವೃತ್ತಿ ಬಂದಾಗಲೆಲ್ಲ ನಿಮ್ಮಲ್ಲಿ ಅನೇಕರು ತಪ್ಪದೆ ಮಾಡುವ ಕೆಲಸವೊಂದಿದೆ. ಅದನ್ನು ಕುರಿತು ಇಂದು ಸ್ವಲ್ಪ ಕಟುವಾಗಿಯೇ ಬರೆಯುತ್ತಿದ್ದೇನೆ. ಮೇಷ್ಟ್ರಿಗೆ ವಯಸ್ಸಾಯಿತು, ಸಿಡುಕು ಹೆಚ್ಚಿತು ಎಂದುಕೊಂಡರೂ ಚಿಂತೆಯಿಲ್ಲ. (ಕಂಪ್ಯೂಟರಿನ ಗೊಡವೆಗೆ ಹೋಗದ ಬಂಧುಗಳಿಗಾಗಿ ಒಂದು ಮಾತು: ಕೋಡ್ ಎಡಿಟರ್ ಎಂದರೆ ಪ್ರೋಗ್ರಾಮು ಬರೆಯುವವರು ದಿನವಿಡೀ ಬರೆಯುವ, ತಿದ್ದುವ ಸಾಧನ. ಬಡಗಿಗೆ ಉಳಿ ಇದ್ದ ಹಾಗೆ.)

ಆ ಕೆಲಸವೆಂದರೆ ಗೊಣಗುವುದು. ಹೊಸ ಆವೃತ್ತಿಯಲ್ಲಿ ಏನೋ ಒಂದು ಕೆಟ್ಟಿರುತ್ತದೆ. ಕರ್ಸರ್ ನಿಂತಿರುವುದು ಒಂದು ಕಡೆ, ಅಕ್ಷರ ಮೂಡುವುದು ಇನ್ನೊಂದು ಕಡೆ. ಸಹೋದ್ಯೋಗಿಗಳೊಡನೆ ಕಾಫಿ ಕುಡಿಯುತ್ತ ಅದನ್ನು ಮಾಡಿದವರನ್ನು ಬಯ್ಯುತ್ತೀರಿ, ಹಳೆಯ ಆವೃತ್ತಿಯನ್ನೇ ಮತ್ತೆ ಹಾಕಿಕೊಳ್ಳುತ್ತೀರಿ, ಅಲ್ಲಿಗೆ ಮುಗಿಯಿತು. ತಯಾರಿಸಿದವರಿಗೆ ತಿಳಿಸಿದಿರಾ ಎಂದು ಕೇಳಿದರೆ, "ಬಿಡಿ ಸರ್, ಅಷ್ಟೊಂದು ಜನ ಇದ್ದಾರೆ, ಯಾರಾದರೂ ಹೇಳಿರ್ತಾರೆ" ಎಂಬ ಉತ್ತರ ಬರುತ್ತದೆ. ಈ 'ಯಾರಾದರೂ' ಎಂಬ ಮಹಾನುಭಾವರನ್ನು ಸೇವೆಯಲ್ಲಿದ್ದಷ್ಟು ಕಾಲವೂ ನಾನು ಹುಡುಕಿದೆ, ಸಿಗಲಿಲ್ಲ. ಶಾಲೆಯ ಹಿಂದಿನ ನಲ್ಲಿ ಸೋರುತ್ತಿದ್ದರೆ ನಾನೂರು ಮಕ್ಕಳು ಆ ಕೆಸರನ್ನು ದಾಟಿಕೊಂಡೇ ಹೋಗುತ್ತಿದ್ದರು, ಯಾರಾದರೂ ಹೇಳಿರುತ್ತಾರಲ್ಲ!

ಇನ್ನು ತಿಳಿಸುವ ಕೆಲವರ ಬರವಣಿಗೆಯನ್ನು ನೋಡಿದರೆ ತಿಳಿಸದವರೇ ವಾಸಿ ಎನಿಸುತ್ತದೆ. "ಹೊಸ ಆವೃತ್ತಿ ಕೆಲಸ ಮಾಡುತ್ತಿಲ್ಲ, ಕೂಡಲೇ ಸರಿಪಡಿಸಿ." ಇಷ್ಟೇ. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ಏನು ಮಾಡಿದಾಗ ಏನಾಯಿತು, ಏನಾಗಬೇಕಿತ್ತು, ಒಂದೂ ಇಲ್ಲ. ಒಂಬತ್ತನೆಯ ತರಗತಿಯಲ್ಲಿ ನಿಮ್ಮ ಕೈಯಲ್ಲಿ ಪ್ರಯೋಗದ ರೆಕಾರ್ಡು ಬರೆಸಿದ್ದು ಇದಕ್ಕೇನು? ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ವೀಕ್ಷಣೆ, ಆಮೇಲೆ ತೀರ್ಮಾನ. ವೀಕ್ಷಣೆಯ ಜಾಗದಲ್ಲಿ ತೀರ್ಮಾನವನ್ನು ಬರೆದವರ ಪುಟಕ್ಕೆ ಕೆಂಪು ಶಾಯಿಯ ಗೆರೆ ಎಳೆಯುತ್ತಿದ್ದೆನಲ್ಲ, ನೆನಪಿದೆಯೇ? "ಮೆಮೊರಿ ಸೋರುತ್ತಿದೆ" ಎಂಬುದು ತೀರ್ಮಾನ. "ಈ ಕಡತವನ್ನು ತೆರೆದು ಹತ್ತು ನಿಮಿಷ ಬಿಟ್ಟರೆ ಟೈಪ್ ಮಾಡಿದ ಅಕ್ಷರ ಮೂಡಲು ಎರಡು ಸೆಕೆಂಡು ಹಿಡಿಯುತ್ತದೆ" ಎಂಬುದು ವೀಕ್ಷಣೆ. ದೂರದಲ್ಲಿ ಕುಳಿತು ದೋಷವನ್ನು ಹುಡುಕಬೇಕಾದವನಿಗೆ ಬೇಕಾದದ್ದು ಈ ಎರಡನೆಯದು.

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಎಂಬ ಗಣಕಯಂತ್ರದ ರಿಲೇಯೊಂದರಲ್ಲಿ ಪತಂಗ ಸಿಕ್ಕಿಕೊಂಡ ಕಥೆ ನಿಮಗೆಲ್ಲ ಗೊತ್ತು. 'ಬಗ್' ಎಂಬ ಮಾತು ಹುಟ್ಟಿದ್ದೇ ಅಂದು ಎನ್ನುವವರಿದ್ದಾರೆ. ಅದು ಸರಿಯಲ್ಲ, ಯಂತ್ರದೋಷಕ್ಕೆ ಆ ಮಾತನ್ನು ಎಡಿಸನ್ 1878ರಲ್ಲಿಯೇ ಬಳಸಿದ್ದನು. ಆದರೆ ಆ ದಿನದ ಪುಸ್ತಕದ ಪುಟವನ್ನು ನಾನು ಇಷ್ಟಪಡುವುದು ಬೇರೆ ಕಾರಣಕ್ಕೆ. ಮಧ್ಯಾಹ್ನ 3 ಗಂಟೆ 45 ನಿಮಿಷ, ಎಫ್ ಫಲಕ, 70ನೆಯ ರಿಲೇ ಎಂದು ಬರೆದು, ಆ ಪತಂಗವನ್ನೇ ಪುಟಕ್ಕೆ ಅಂಟಿಸಿದ್ದಾರೆ. ಹೊತ್ತು, ಸ್ಥಳ, ಸಾಕ್ಷಿ ಎಲ್ಲವೂ ಇದೆ. ಬೈಗುಳ ಮಾತ್ರ ಇಲ್ಲ.

ಸಮಯವಿಲ್ಲ ಎನ್ನುತ್ತೀರಿ. ಎಷ್ಟು ಸಮಯ ಬೇಕು? ಹಳೆಯ ಆವೃತ್ತಿಗೂ ಹೊಸದಕ್ಕೂ ನಡುವೆ ಸಾವಿರ ಬದಲಾವಣೆಗಳಾಗಿದ್ದರೂ, ಪ್ರತಿ ಸಲವೂ ಅರ್ಧಕ್ಕೆ ಸೀಳಿ ನೋಡುತ್ತ ಹೋದರೆ ಹತ್ತೇ ಪರೀಕ್ಷೆಗಳಲ್ಲಿ ದೋಷ ತಂದ ಬದಲಾವಣೆ ಸಿಗುತ್ತದೆ. ಎರಡರ ಹತ್ತನೆಯ ಘಾತ 1024. ಇದನ್ನು ನೀವು ನನಗೆ ಹೇಳಿಕೊಡಬೇಕು, ನಾನು ನಿಮಗಲ್ಲ! ವಿಎಸ್ ಕೋಡ್ ಎಂಬ ಎಡಿಟರಿನಲ್ಲಂತೂ, ಹಾಕಿಕೊಂಡಿರುವ ಎಕ್ಸ್‌ಟೆನ್ಷನ್‌ಗಳಲ್ಲಿ ತಪ್ಪು ಯಾವುದರದು ಎಂದು ಹೀಗೆ ಅರ್ಧರ್ಧವಾಗಿ ಸೀಳಿ ಹುಡುಕುವ ಸೌಲಭ್ಯವನ್ನು ಒಳಗೇ ಇಟ್ಟಿದ್ದಾರೆ. ದೋಷವನ್ನು ವರದಿ ಮಾಡುವ ಗುಂಡಿ ಒತ್ತಿದರೆ ಆವೃತ್ತಿಯ ಸಂಖ್ಯೆಯನ್ನು ಅದೇ ತುಂಬಿಕೊಡುತ್ತದೆ.

ಅದರ ಹಿಂದೆ ಕೋಟ್ಯಧೀಶ ಕಂಪನಿಯಿದೆ, ಅದಕ್ಕೆ ನಾವೇಕೆ ಪುಕ್ಕಟೆ ಕೂಲಿ ಮಾಡಬೇಕು ಎಂದು ನಿಮ್ಮಲ್ಲೊಬ್ಬ ವಾದಿಸಿದ್ದಾನೆ. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಪರೀಕ್ಷಿಸದೆ ಬಿಡುಗಡೆ ಮಾಡಿ, ಬಳಸುವವರನ್ನೇ ಪರೀಕ್ಷಕರನ್ನಾಗಿ ಮಾಡಿಕೊಳ್ಳುವ ಚಾಳಿ ಖಂಡನೀಯವೇ. ಶ್ರಮಪಟ್ಟು ಬರೆದ ವರದಿಯನ್ನು ಯಾರೂ ಓದದೆ, ಇಷ್ಟು ದಿನವಾಯಿತೆಂದು ಯಂತ್ರವೊಂದು ಮುಚ್ಚಿಬಿಡುವುದು ಇನ್ನೂ ಹೀನ. ಆದರೆ ಕೆಟ್ಟ ಉಳಿಯಿಂದ ಗಾಯವಾಗುವುದು ಬಡಗಿಯ ಕೈಗೆ, ಉಳಿ ಮಾರಿದವನ ಕೈಗಲ್ಲ. ಅಲ್ಲದೆ ಎಲ್ಲ ಎಡಿಟರುಗಳ ಹಿಂದೆಯೂ ಕೋಟ್ಯಧೀಶರಿಲ್ಲ. ವಿಮ್ ಎಂಬ ಎಡಿಟರನ್ನು 1991ರಲ್ಲಿ ಹೊರತಂದ ಬ್ರಾಮ್ ಮೂಲೆನಾರ್, 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಅದನ್ನು ಸಲಹಿದರು. ಬಳಸುವವರಿಂದ ಅವರು ಕೇಳಿದ್ದು, ಸಾಧ್ಯವಾದರೆ ಉಗಾಂಡದ ಕಿಬಾಲೆಯ ಬಡಮಕ್ಕಳಿಗೆ ಕೈಲಾದ ಸಹಾಯ ಮಾಡಿ ಎಂದಷ್ಟೇ. ಇಂಥವರು ಕೊಟ್ಟದ್ದನ್ನು ಪುಕ್ಕಟೆಯಾಗಿ ಬಳಸಿ, "ಈ ದರಿದ್ರವನ್ನು ಯಾರು ಬರೆದರು" ಎಂದು ಕೇಳುವ ನಾಲಗೆಗೆ ಏನು ಹೇಳಲಿ?

ದೋಷ ತೋರಿಸಿದವರನ್ನು ಗೌರವಿಸುವವರೂ ಇದ್ದಾರೆ. ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ರಚಿಸಿದ ಡೊನಾಲ್ಡ್ ಕನೂತ್, ತಪ್ಪು ಹುಡುಕಿಕೊಟ್ಟವರಿಗೆ 2.56 ಡಾಲರಿನ ಚೆಕ್ ಕಳುಹಿಸುತ್ತಿದ್ದರು. (256 ಸೆಂಟ್ ಎಂದರೆ ಹದಿನಾರರ ಸಂಖ್ಯಾಪದ್ಧತಿಯಲ್ಲಿ ಸರಿಯಾಗಿ ನೂರು. ಗಣಿತದವರ ಹಾಸ್ಯ!) ಬಹಳ ಮಂದಿ ಅದನ್ನು ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡರು. 2008ರಿಂದ ನಿಜವಾದ ಚೆಕ್ಕಿನ ಬದಲು ಇಲ್ಲದ ಬ್ಯಾಂಕೊಂದರ ಹೆಸರಿನಲ್ಲಿ ಪ್ರಮಾಣಪತ್ರ ಕೊಡಲಾರಂಭಿಸಿದರು. ತಮ್ಮ ತಂತ್ರಾಂಶದ ತಪ್ಪುಗಳನ್ನು ಕುರಿತು 1989ರಲ್ಲಿ ಒಂದು ಲೇಖನವನ್ನೇ ಪ್ರಕಟಿಸಿದರು.

ಈಗ ನನ್ನ ಸಿಟ್ಟಿನ ನಿಜವಾದ ಕಾರಣಕ್ಕೆ ಬರುತ್ತೇನೆ. ನಾನು ಪ್ರೋಗ್ರಾಮು ಬರೆಯುವವನಲ್ಲ. ಈ ಬರಹಗಳನ್ನು ಮಾತ್ರ ಅಂಥದೊಂದು ಎಡಿಟರಿನಲ್ಲಿ ಟೈಪ್ ಮಾಡುತ್ತೇನೆ. ಹೆಸರು ಬೇಡ. ಕಳೆದ ವರ್ಷ ಅದರ ಹೊಸ ಆವೃತ್ತಿ ಬಂದ ಮೇಲೆ, ಒತ್ತಕ್ಷರಗಳಿರುವ ಸಾಲಿನಲ್ಲಿ ಕರ್ಸರ್ ಇರಬೇಕಾದ ಜಾಗಕ್ಕಿಂತ ಬಲಕ್ಕೆ ನಿಲ್ಲತೊಡಗಿತು. ಒತ್ತಕ್ಷರ ಹೆಚ್ಚಿದಷ್ಟೂ ಅಂತರ ಹೆಚ್ಚು. ಕೋಡ್ ಎಡಿಟರುಗಳು ಪ್ರತಿ ಅಕ್ಷರಕ್ಕೂ ಒಂದೇ ಅಗಲವೆಂದು ಎಣಿಸಿ ಹುಟ್ಟಿದವು. ನಮ್ಮ 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಸ, ವಿರಾಮ, ತ, ವಿರಾಮ, ರ, ದೀರ್ಘದ ಗುಣಿತಚಿಹ್ನೆ ಎಂದು ಆರು ಸಂಕೇತಗಳು. ಇದನ್ನೆಲ್ಲ ವಿವರಿಸಿ, ಎರಡು ಚಿತ್ರಗಳನ್ನು ಸೇರಿಸಿ ಬರೆದೆ. ಉತ್ತರಿಸಿದಾತನಿಗೆ ಕನ್ನಡ ಬಾರದು. ಬೇರೆ ಫಾಂಟಿನಲ್ಲಿಯೂ ಹೀಗೆಯೇ ಆಗುತ್ತದೆಯೇ ಎಂದು ವಿಚಾರಿಸಿದರು, ನೋಡಿ ಹೇಳಿದೆ. ಎರಡು ತಿಂಗಳಲ್ಲಿ ಸರಿಹೋಯಿತು. ಪುಣ್ಯಾತ್ಮರು ಒಂದು ಮಾತು ಬರೆದಿದ್ದರು: ಕನ್ನಡದ ಬಗ್ಗೆ ಇದುವರೆಗೆ ಒಬ್ಬರೂ ಏನನ್ನೂ ತಿಳಿಸಿರಲಿಲ್ಲವಂತೆ.

ಇಷ್ಟು ಮಂದಿ ಇಂಜಿನಿಯರುಗಳಿರುವ ನಾಡಿನಿಂದ ಒಬ್ಬರೂ ಇಲ್ಲ! ಕರ್ಸರ್ ತಪ್ಪು ಜಾಗದಲ್ಲಿದೆ ಎಂಬುದು ಕನ್ನಡ ಓದಲು ಬಾರದವನ ಕಣ್ಣಿಗೆ ಬೀಳುವುದೇ ಇಲ್ಲ. ಅವನನ್ನು ಬೈದು ಏನು ಫಲ?

ಬೇರೆಯವರು ಸುಮ್ಮನಿರುವುದಿಲ್ಲ. 2021ರ ನವೆಂಬರಿನಲ್ಲಿ, ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳನ್ನೂ ಕಣ್ಣಿಗೆ ಕಾಣದ ಸಂಕೇತಗಳನ್ನೂ ಬಳಸಿ ಪ್ರೋಗ್ರಾಮಿನಲ್ಲಿ ಮೋಸ ಅಡಗಿಸಬಹುದೆಂದು ಕೇಂಬ್ರಿಜ್ಜಿನ ಸಂಶೋಧಕರು ತೋರಿಸಿದರು. ಬೆನ್ನಿಗೇ ಬಂದ ವಿಎಸ್ ಕೋಡಿನ 1.63ನೆಯ ಆವೃತ್ತಿ ಅಂಥ ಅಕ್ಷರಗಳ ಸುತ್ತ ಚೌಕ ಹಾಕತೊಡಗಿತು. ಉದ್ದೇಶ ಒಳ್ಳೆಯದೇ. ಆದರೆ ರಷ್ಯನ್ನರ ಸಾಮಾನ್ಯ ಅಕ್ಷರಗಳಿಗೂ ಚೀನೀಯರ ಅಲ್ಪವಿರಾಮಕ್ಕೂ ಸಂದೇಹದ ಚೌಕ ಬಿದ್ದಿತು. ಅವರು ಬಿಡದೆ ವರದಿ ಮಾಡಿದರು. ಮುಂದಿನ ತಿದ್ದುಪಡಿಗಳಲ್ಲಿ ಇಂಥ ಭಾಷೆಯ ಅಕ್ಷರಗಳಿಗೆ ವಿನಾಯಿತಿ ಎಂದು ಹೇಳುವ ವ್ಯವಸ್ಥೆ ಬಂದಿತು. ನಮ್ಮ ಸೊನ್ನೆಯೂ ಇಂಗ್ಲಿಷಿನ 'ಓ' ಅಕ್ಷರವನ್ನು ಹೋಲುತ್ತದೆಂದು ಯೂನಿಕೋಡಿನ ಪಟ್ಟಿಯಲ್ಲಿದೆ. 'ರ‍್ಯಾಂಕ್' ಎಂದು ಬರೆಯುವಾಗ ರಕಾರ ಅರ್ಕಾವತ್ತಾಗದಂತೆ ತಡೆಯುವುದು ಕಣ್ಣಿಗೆ ಕಾಣದ ಒಂದು ಸಂಕೇತ. ನಾಳೆ ಯಾವುದಾದರೂ ಎಡಿಟರ್ ಅದನ್ನು ಕಸವೆಂದು ಗುಡಿಸಿ ಹಾಕಿದರೆ, ಅದು ಕಸವಲ್ಲ, ಕಾಗುಣಿತ ಎಂದು ಹೇಳುವವರು ಯಾರು?

ಅದೇ ಎಡಿಟರಿನವರು ಹಲವು ವರ್ಷ ಒಂದು ಕ್ರಮವನ್ನು ಇಟ್ಟುಕೊಂಡು ಬಂದರು. ಹೊಸ ಸೌಲಭ್ಯ ಬೇಕೆಂದು ಯಾರಾದರೂ ಕೇಳಿದರೆ, ಅರವತ್ತು ದಿನಗಳೊಳಗೆ ಇಪ್ಪತ್ತು ಮಂದಿ ಬೆಂಬಲ ಸೂಚಿಸಿದರೆ ಅದು ಪಟ್ಟಿಗೆ ಸೇರುತ್ತದೆ, ಇಲ್ಲವಾದರೆ ಮುಚ್ಚುತ್ತದೆ. ಇಪ್ಪತ್ತು ಮಂದಿ! ರಾಜ್ಯೋತ್ಸವದ ಶುಭಾಶಯದ ಚಿತ್ರವನ್ನು ನನಗೆ ಕಳೆದ ಸಲ ಕಳುಹಿಸಿದವರೇ ಅದಕ್ಕಿಂತ ಹೆಚ್ಚಿದ್ದರು.

ಸ್ತ್ರೀ, ರ‍್ಯಾಂಕ್, ಕರ್ತೃ, ರಾಷ್ಟ್ರ, ಲಕ್ಷ್ಮಿ. ಈ ಐದು ಶಬ್ದಗಳನ್ನು ಒಂದೇ ಸಾಲಿನಲ್ಲಿ ಬರೆದು ಒಂದು ಕಡತ ಮಾಡಿಟ್ಟುಕೊಂಡಿದ್ದೇನೆ. ಎಡಿಟರಿನ ಹೊಸ ಆವೃತ್ತಿ ಬಂದ ದಿನ ಅದನ್ನು ತೆರೆಯುತ್ತೇನೆ. ಬಾಣದ ಕೀಲಿಯಿಂದ ಒಂದೊಂದೇ ಹೆಜ್ಜೆ ಸರಿದು ಕರ್ಸರ್ ಎಲ್ಲಿ ನಿಲ್ಲುತ್ತದೆಂದು ನೋಡುತ್ತೇನೆ. ಕೊನೆಯಿಂದ ಅಳಿಸುತ್ತ ಬಂದು, ಒಂದು ಒತ್ತಿಗೆ ಎಷ್ಟು ಹೋಗುತ್ತದೆಂದು ಬರೆದಿಟ್ಟುಕೊಳ್ಳುತ್ತೇನೆ. ಐದು ನಿಮಿಷ ಹಿಡಿಯುತ್ತದೆ. ನಿಮ್ಮ ಎಡಿಟರಿನಲ್ಲಿಯೂ ಈ ಸಾಲನ್ನು ಬರೆದು ನೋಡಿ. ತಪ್ಪು ಕಂಡರೆ ನನಗೆ ಹೇಳಬೇಡಿ, ಅದನ್ನು ಮಾಡಿದವರಿಗೆ ಬರೆಯಿರಿ. ಇಂಗ್ಲಿಷಿನ ಕರಡನ್ನು ತಿದ್ದಿಕೊಡಬೇಕಾದರೆ ಮಾತ್ರ ನನಗೆ ಕಳುಹಿಸಿ. ಕೆಂಪು ಶಾಯಿ ಇನ್ನೂ ಇದೆ.