ಆತ್ಮರಕ್ಷಣೆ: ಬೆಲ್ಟಿನ ಬಣ್ಣವೇ ಮಾನದಂಡವೇ?

ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ತರಬೇತಿ ಬೇಕೆಂಬ ಬಗ್ಗೆ ಇಂದು ಭಿನ್ನಾಭಿಪ್ರಾಯವಿಲ್ಲ. 2012ರ ದೆಹಲಿ ಘಟನೆಯ ನಂತರ ಈ ಬೇಡಿಕೆ ಇನ್ನಷ್ಟು ಬಲಗೊಂಡಿತು. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಯೊಂದಕ್ಕೆ ತಿಂಗಳಿಗೆ 5,000 ರೂಪಾಯಿಯಂತೆ ಮೂರು ತಿಂಗಳ ತರಬೇತಿಗೆ ಹಣ ನಿಗದಿಯಾಯಿತು. ಕರ್ನಾಟಕದಲ್ಲಿ ಒನಕೆ ಓಬವ್ವನ ಹೆಸರಿನಲ್ಲಿಯೂ ಯೋಜನೆ ರೂಪುಗೊಂಡಿತು. ಆದರೆ ಈ ವೆಚ್ಚದಿಂದ ಬಾಲಕಿಯರಿಗೆ ನಿಜಕ್ಕೂ ದಕ್ಕುವುದೇನು ಎಂಬ ಪ್ರಶ್ನೆ ಮಾತ್ರ ಹಿಂದೆ ಉಳಿದಿದೆ.

ಶಾಲೆಗಳಲ್ಲಿ ಹೆಚ್ಚಾಗಿ ಕಾಣುವುದು ಕರಾಟೆ ಮತ್ತು ಟೇಕ್ವಾಂಡೊ. ಹೊಡೆತ, ಒದೆತಗಳ ಈ ಕಲೆಗಳು ದೇಹಕ್ಕೆ ಚುರುಕನ್ನೂ ಮನಸ್ಸಿಗೆ ಶಿಸ್ತನ್ನೂ ನೀಡುತ್ತವೆ. ಆದರೆ ಎದುರಾಳಿಯೇ ಇಲ್ಲದೆ ಸಾಲಾಗಿ ನಿಂತು ಮಾಡುವ 'ಕತಾ' ಅಭ್ಯಾಸ, ಇಕ್ಕಟ್ಟಾದ ಕೋಣೆಯಲ್ಲಿ ಕೈಯನ್ನೋ ಜಡೆಯನ್ನೋ ಹಿಡಿದೆಳೆಯುವವನ ಎದುರು ಎಷ್ಟು ನೆರವಾದೀತು?

1882ರಲ್ಲಿ ಜಪಾನಿನ ಜಿಗೊರೊ ಕಾನೊ ಜೂಡೊ ರೂಪಿಸಿದಾಗ ಮಾಡಿದ ಮುಖ್ಯ ಬದಲಾವಣೆ ಇಲ್ಲಿ ಗಮನಾರ್ಹ. ಅಪಾಯಕಾರಿ ಹೊಡೆತಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟ ಆತ, ಉಳಿದ ಪಟ್ಟುಗಳನ್ನು ನಿಜವಾಗಿ ಪ್ರತಿರೋಧಿಸುವ ಎದುರಾಳಿಯ ಮೇಲೆಯೇ ಕಲಿಯುವಂತೆ ಮಾಡಿದ. ನಮ್ಮ ಗರಡಿಮನೆಯ ಕುಸ್ತಿಗೂ ಇದೇ ಗುಣವಿದೆ. ಹಾಗೆಂದು ಇವು ಪರಿಪೂರ್ಣವಲ್ಲ. ದಾಳಿಕೋರರು ಇಬ್ಬರಿದ್ದರೆ ನೆಲಕ್ಕುರುಳಿ ಸೆಣಸುವುದೇ ಅಪಾಯ. ಇಸ್ರೇಲಿನ ಕ್ರಾವ್ ಮಗಾ ತಪ್ಪಿಸಿಕೊಳ್ಳುವುದಕ್ಕೆ ಒತ್ತು ಕೊಡುತ್ತದೆ, ಆದರೆ ಕಣ್ಣು, ಕುತ್ತಿಗೆಗಳಂಥ ಮರ್ಮಸ್ಥಾನಗಳ ಮೇಲಿನ ಹೊಡೆತಗಳನ್ನು ಪೂರ್ಣ ಬಲದಿಂದ ಅಭ್ಯಾಸ ಮಾಡಲಾಗದು. ಆದ್ದರಿಂದ ಶೈಲಿಯ ಹೆಸರಿಗಿಂತ ಅಭ್ಯಾಸದ ವಿಧಾನವೇ ಮುಖ್ಯ.

ಇನ್ನೊಂದು ಕಹಿ ಸತ್ಯವಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳ ಪ್ರಕಾರ, ಶೇ 90ಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತ. ನಾವು ಕಲಿಸುತ್ತಿರುವುದು ಕತ್ತಲ ಬೀದಿಯ ಅಪರಿಚಿತನನ್ನು ಎದುರಿಸುವ ಬಗೆಯನ್ನು. ಬಂಧುವಿನ, ನೆರೆಯವನ ಎದುರು ಹುಡುಗಿಯನ್ನು ಮೊದಲು ಕಟ್ಟಿಹಾಕುವುದು ಸಂಕೋಚ. ತೋಳ್ಬಲದ ಮಾತು ಅನಂತರದ್ದು.

ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಈ ಮಾತನ್ನು ಪುಷ್ಟೀಕರಿಸುತ್ತದೆ. ಅಪಾಯವನ್ನು ಗುರುತಿಸುವುದು, ಪರಿಚಿತರನ್ನು ವಿರೋಧಿಸಲು ಅಡ್ಡಿಯಾಗುವ ಹಿಂಜರಿಕೆಯನ್ನು ಮೀರುವುದು, ಮಾತಿನಿಂದಲೂ ದೇಹದಿಂದಲೂ ಪ್ರತಿರೋಧಿಸುವುದು ಇವೆಲ್ಲ ಸೇರಿದ 12 ಗಂಟೆಗಳ ತರಬೇತಿ ಅದು. ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ತರಬೇತಿ ಪಡೆದವರಲ್ಲಿ ಶೇ 5.2, ಪಡೆಯದವರಲ್ಲಿ ಶೇ 9.8. ಇಷ್ಟಕ್ಕೆ ಯಾವ ಬೆಲ್ಟೂ ಬೇಕಾಗಲಿಲ್ಲ.

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡುತ್ತವೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿಯನ್ನೂ ಹಾಕುತ್ತವೆ. ಈ ಅರಿವೂ ಪಠ್ಯದಲ್ಲಿ ಸೇರಬೇಕು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಹೆಂಚು ಒಡೆಯುವ ಪ್ರದರ್ಶನಕ್ಕೆ ಚಪ್ಪಾಳೆ ಸಿಗುತ್ತದೆ. ಆದರೆ ಪರಿಚಿತನ ಕೈಯನ್ನು ಕೊಡವಿ 'ಬೇಡ' ಎಂದು ಕೂಗುವ ಧೈರ್ಯ, ಹಾಗೆ ಕೂಗಿದವಳನ್ನು ನಂಬುವ ಮನೆ, ದೂರು ದಾಖಲಿಸುವ ಠಾಣೆ, ಇವು ಇಲ್ಲದಿದ್ದರೆ ಆ ಚಪ್ಪಾಳೆಗೆ ಅರ್ಥವಿಲ್ಲ.